ಮೊಣಕೈಯ ಹೊಟ್ಟಿಗೆ ಹೊಟ್ಟೆಯ ಗುಳಿಗೆ

ಹಿಡಕಲ್ ಜಲಾಶಯದ ಹಿನ್ನೀರಿನ ಕಡೆಗಿರುವ ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಾಗಲಿ, ಘಟಪ್ರಭೆಯ ದಂಡೆಯ ಗೋಕಾಕದಲ್ಲಾಗಲಿ, ಕಬ್ಬು–ಅರಿಷಿಣದ ಹೊಲಗಳ ನಡುವಿನ ಮೂಡಲಗಿಯಲ್ಲಾಗಲಿ, ಮೈಮೇಲೆ ಏನಾದರೂ ಎದ್ದರೆ ಹಿರಿಯರ ಬಾಯಿಂದ ಮೊದಲು ಬರುವ ಮಾತು ಒಂದೇ: "ಹೊಟ್ಟಿ ಸ್ವಚ್ಛ ಇಲ್ಲ, ಅದಕ್ಕ ರಕ್ತ ಕೆಟ್ಟೈತಿ." ಅದರ ಬೆನ್ನಿಗೇ ಪಥ್ಯ ಶುರುವಾಗುತ್ತದೆ. ಬದನೆಕಾಯಿ ನಂಜು, ಶೇಂಗಾ ನಂಜು, ಮೊಸರು ಬೇಡ, ಮೊಟ್ಟೆ–ಮಾಂಸ ಮುಟ್ಟಬೇಡ. ಜೊತೆಗೆ ಹರಳೆಣ್ಣೆ ಕುಡಿಸಿ ಒಂದು ದಿನ ಹೊಟ್ಟೆ ಬಿಡಿಸುವ ಶಾಸ್ತ್ರ.

ಈಗ ಈ ಹಳೆಯ ಮಾತಿಗೆ ಹೊಸ ಸರಕು ಬಂದು ಕೂಡಿಕೊಂಡಿದೆ. ತಿಂದದ್ದು ಪೂರ್ತಿ ಪಚನವಾಗದೆ ಕರುಳಿನಿಂದ ರಕ್ತಕ್ಕೆ ಸೋರುತ್ತದೆ, ಆ ವಿಷವೇ ಚರ್ಮದ ಮೇಲೆ ಸೋರಿಯಾಸಿಸ್ ಆಗಿ ಏಳುತ್ತದೆ, ಊಟದ ಜೊತೆ ಜೀರ್ಣಕಿಣ್ವದ ಗುಳಿಗೆ ನುಂಗಿದರೆ ಚರ್ಮ ತಾನಾಗಿ ತಿಳಿಯಾಗುತ್ತದೆ ಎನ್ನುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಕಿಣ್ವ ಅಂದರೆ ಎನ್‌ಜೈಮ್. ಅದರ ಹಿಂದೆ ಮೀನೆಣ್ಣೆಯ ಕ್ಯಾಪ್ಸೂಲು, ಅರಿಷಿಣದ ಸಾರದ ಗುಳಿಗೆ, ವಿಟಮಿನ್ ಡಿ ಪುಡಿ, ಪ್ರೊಬಯಾಟಿಕ್ ಎಂದು ಸಾಲು ಬೆಳೆಯುತ್ತದೆ. ಔಷಧಿ ಅಂಗಡಿಯ ಮುಂದೆ ನಿಂತು "ಯಣ್ಣಾ, ಈ ಗುಳಿಗಿ ತಗೊಂಡ್ರ ಮೈಮ್ಯಾಲಿನ ಕಲಿ ಹೋಗತಾವೇನು?" ಎಂದು ಕೇಳಿದರೆ, "ಹೊಟ್ಟಿಗಂತೂ ಚಲೋ ಐತ್ರಿ, ಚರ್ಮಕ್ಕೂ ಆದೀತು" ಎಂಬ ಉತ್ತರ ಸಿಗುವುದು ಕಷ್ಟವೇನಲ್ಲ. ತಿಂಗಳ ಸಂಬಳದಲ್ಲೋ ಕಬ್ಬಿನ ಬಿಲ್ಲಿನಲ್ಲೋ ಒಂದು ಪಾಲು ಈ ಡಬ್ಬಿಗಳಿಗೆ ಹೋಗುತ್ತದೆ.

ಹೊಟ್ಟೆಗೂ ಸೋರಿಯಾಸಿಸ್‌ಗೂ ನಂಟಿದೆ ಎಂಬುದು ನಿಜ. ಆದರೆ ಆ ನಂಟು ಡಬ್ಬಿ ಮಾರುವವರು ಹೇಳುವ ಜಾಗದಲ್ಲಿಲ್ಲ. ಅದು ಎಲ್ಲಿದೆ ಎಂದು ತಿಳಿದರೆ ಹಣವೂ ಉಳಿಯುತ್ತದೆ, ಕೆಲವರಿಗೆ ಯಕೃತ್ತೂ ಉಳಿಯುತ್ತದೆ.

ಮೊದಲು ರೋಗವನ್ನು ಹತ್ತಿರದಿಂದ ನೋಡೋಣ. ಮೊಣಕೈ, ಮೊಣಕಾಲು, ತಲೆ, ಸೊಂಟದ ಕೆಳಭಾಗ ಇದು ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳು. ಗೆರೆ ಎಳೆದಂತೆ ಅಂಚಿರುವ ದಪ್ಪ ಮಚ್ಚೆ. ಬಿಳಿ ಮೈಬಣ್ಣದವರಲ್ಲಿ ಕೆಂಪು, ನಮ್ಮ ಬಣ್ಣದವರಲ್ಲಿ ಕಂದು ಅಥವಾ ನೇರಳೆ ಛಾಯೆ. ಮೇಲೆ ಬೆಳ್ಳಿಯಂತೆ ಹೊಳೆಯುವ ಹೊಟ್ಟು. ಉಗುರಿನಿಂದ ಕೆರೆದರೆ ಮೇಣದಬತ್ತಿ ಕೆರೆದಂತೆ ಚೂರು ಚೂರಾಗಿ ಉದುರಿ, ಕೊನೆಯ ತೆಳು ಪೊರೆ ಹೋದಾಗ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಏಳುತ್ತವೆ. ವೈದ್ಯರು ರೋಗ ಗುರುತಿಸಲು ನೋಡುವ ಗುರುತು ಇದು. ಮನೆಯಲ್ಲಿ ಕೆರೆದು ನೋಡಬಾರದು. ಗೀರು ಬಿದ್ದ ಜಾಗದಲ್ಲೇ ಹೊಸ ಮಚ್ಚೆ ಏಳುವುದು ಈ ರೋಗದ ಸ್ವಭಾವ. 19ನೇ ಶತಮಾನದ ಜರ್ಮನ್ ವೈದ್ಯ ಹೈನ್ರಿಕ್ ಕೋಬ್ನರ್ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಆ ಲಕ್ಷಣಕ್ಕೆ ನಿಂತಿದೆ. ಕಬ್ಬಿನ ಗರಿ ತೋಳಿಗೆ ಗೀರುವ ನಮ್ಮ ಕಡೆ ಇದು ಬರೀ ಪುಸ್ತಕದ ಮಾತಲ್ಲ. ಸೋರಿಯಾಸಿಸ್ ಇರುವವರು ಕಬ್ಬಿನ ಹೊಲಕ್ಕಿಳಿಯುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳುವುದು ಯಾವ ಟಾನಿಕ್ಕಿಗಿಂತಲೂ ಅಗ್ಗದ ಉಪಾಯ.

ಆರೋಗ್ಯವಂತರ ಹೊರಚರ್ಮದ ಕೋಶ ಕೆಳಪದರದಲ್ಲಿ ಹುಟ್ಟಿ, ಮಾಗಿ, ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್ ಇರುವಲ್ಲಿ ಅದೇ ಪಯಣ 3ರಿಂದ 5 ದಿನದಲ್ಲಿ ಮುಗಿಯುತ್ತದೆ. ಹದ ಬರುವ ಮೊದಲೇ ಕೊಪ್ಪರಿಗೆಯಿಂದ ಇಳಿಸಿದ ಬೆಲ್ಲ ಅಚ್ಚಿನಲ್ಲಿ ನಿಲ್ಲದ ಹಾಗೆ, ಮಾಗದೆ ಮೇಲೆ ಬಂದ ಕೋಶಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳದೆ ಹೊಟ್ಟಾಗುತ್ತವೆ. ಈ ಅವಸರ ಹುಟ್ಟಿಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ರಕ್ತದ ಟಿ–ಕೋಶಗಳು ಇಲ್ಲದ ಶತ್ರುವಿನ ಮೇಲೆ ಯುದ್ಧ ಸಾರಿ ಇಂಟರ್‌ಲ್ಯೂಕಿನ್–17ರಂಥ ಸಂದೇಶ ರಾಸಾಯನಿಕಗಳನ್ನು ಹೊರಡಿಸುತ್ತವೆ, ಚರ್ಮ ಅದಕ್ಕೆ ಓಗೊಟ್ಟು ಬೆಳೆಯುತ್ತ ಹೋಗುತ್ತದೆ. ವಂಶವಾಹಿಯ ಒಲವಿರುವವರಲ್ಲಿ ಗಂಟಲು ಸೋಂಕು, ಮಾನಸಿಕ ಒತ್ತಡ, ಕೆಲವು ಔಷಧಿಗಳು ಇದನ್ನು ಕೆರಳಿಸುತ್ತವೆ. ಮಕ್ಕಳಲ್ಲಿ ಗಂಟಲು ಬೇನೆ ಬಂದು ಎರಡು ಮೂರು ವಾರಕ್ಕೆ ಮೈತುಂಬ ಹನಿಹನಿಯಾಗಿ ಏಳುವ ಬಗೆಯೂ ಒಂದುಂಟು. ಭಾರತದ ವಯಸ್ಕರಲ್ಲಿ ಶೇ 0.44ರಿಂದ 2.8ರಷ್ಟು ಮಂದಿಗೆ ಈ ರೋಗ ಇದೆ ಎಂಬುದು ಪ್ರಕಟವಾದ ಅಂದಾಜು. ಇದು ಮುಟ್ಟಿದರೆ ಹತ್ತುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಹತ್ತುವುದಿಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ತುಂಬುತೋಳಿನ ಕುಪ್ಪಸದ ಒಳಗೆ ಕೈ ಮುಚ್ಚಿಕೊಂಡು ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.

ಗುರುತು ತಪ್ಪುವುದೂ ಉಂಟು. ಹುಳಕಡ್ಡಿ ಎಂದು ತಿಳಿದು ಶಿಲೀಂಧ್ರದ ಮುಲಾಮು ಹಚ್ಚುವವರು, ಕುಷ್ಠವಿರಬಹುದೆಂದು ಹೆದರಿ ಯಾರಿಗೂ ತೋರಿಸದವರು ಇದ್ದಾರೆ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ. ಸೋರಿಯಾಸಿಸ್ ಮಚ್ಚೆಯಲ್ಲಿ ಅದು ಹಾಗೆಯೇ ಇರುತ್ತದೆ. ಎರಡಕ್ಕೂ ಚಿಕಿತ್ಸೆ ಇದೆ, ಎರಡೂ ಬೇರೆ ಬೇರೆ. ಆದ್ದರಿಂದ ಗುಳಿಗೆಯ ಮಾತಿಗಿಂತ ಮೊದಲು ಇದು ಯಾವ ರೋಗ ಎಂದು ಬಲ್ಲವರು ಒಮ್ಮೆ ಕಣ್ಣಾರೆ ನೋಡಲೇಬೇಕು.

ಇನ್ನು ಕಿಣ್ವದ ಡಬ್ಬಿಗೆ ಬರೋಣ. ಜೀರ್ಣದ ಟಾನಿಕ್ಕುಗಳ ಲೇಬಲ್ಲಿನಲ್ಲಿ ಹೆಚ್ಚಾಗಿ ಎರಡು ಹೆಸರು ಕಾಣುತ್ತವೆ: ಫಂಗಲ್ ಡಯಾಸ್ಟೇಸ್ ಮತ್ತು ಪೆಪ್ಸಿನ್. ಡಯಾಸ್ಟೇಸ್ ಹಿಟ್ಟಿನಂಶವನ್ನು ಒಡೆಯುತ್ತದೆ. ಅದನ್ನು ತೆಗೆಯುವುದು ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟಿನಿಂದ, ಜಪಾನಿನಲ್ಲಿ ಅಕ್ಕಿಯ ಮದ್ಯ ಹುದುಗಿಸುವ ಅದೇ ಬೂಷ್ಟು. ಜೋಕಿಚಿ ತಕಾಮಿನೆ ಎಂಬ ಜಪಾನಿ ರಸಾಯನಶಾಸ್ತ್ರಜ್ಞರು 1894ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನಮ್ಮ ಟಾನಿಕ್ಕಿನ ಬಾಟಲಿಯ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಪೆಪ್ಸಿನ್ ಪ್ರೊಟೀನನ್ನು ಒಡೆಯುವ ಹೊಟ್ಟೆಯ ಕಿಣ್ವ. ಮೊದಲಿನಿಂದಲೂ ಅದನ್ನು ತೆಗೆಯುತ್ತ ಬಂದಿರುವುದು ಹಂದಿಯ ಜಠರದಿಂದ. ಮೇದೋಜೀರಕ ಗ್ರಂಥಿಯ ಕಿಣ್ವಗಳ ಮಿಶ್ರಣವಾದ ಪ್ಯಾಂಕ್ರಿಯಾಟಿನ್ ಕೂಡ ಹಂದಿಯದೇ. ಶುದ್ಧ ಸಸ್ಯಾಹಾರದ ಮನೆಗಳಿಗೆ ಇದು ಗೊತ್ತಿರಬೇಕು ಎಂದು ಬರೆಯುತ್ತಿದ್ದೇನೆ. ಪಪಾಯಿಯ ಹಾಲಿನಿಂದ ಪಪೇನ್, ಅನಾನಸಿನಿಂದ ಬ್ರೋಮೆಲೇನ್ ಬರುತ್ತವೆ.

ಇವು ಹೊಟ್ಟೆಯೊಳಗೆ ಮಾಡುವ ಕೆಲಸ ಆಹಾರವನ್ನು ಸಣ್ಣ ಕಣಗಳಾಗಿ ಕತ್ತರಿಸುವುದು. ಕಿಣ್ವವೂ ಒಂದು ಪ್ರೊಟೀನೇ ಆದ್ದರಿಂದ ಬಹುಪಾಲು ತಾನೂ ಅಲ್ಲೇ ಜೀರ್ಣವಾಗಿ ಹೋಗುತ್ತದೆ. ಆರೋಗ್ಯವಂತರ ಮೇದೋಜೀರಕ ಗ್ರಂಥಿ ದಿನಕ್ಕೆ ಒಂದು ಲೀಟರಿಗೂ ಹೆಚ್ಚು ರಸ ಸುರಿಸುತ್ತದೆ. ಅದರ ಮೇಲೆ ಎರಡು ಚಮಚ ಟಾನಿಕ್ ಕುಡಿದರೆ ಪಚನ ದುಪ್ಪಟ್ಟಾಗುವುದಿಲ್ಲ. ಟಿ–ಕೋಶಗಳ ತಪ್ಪು ಯುದ್ಧವನ್ನು ನಿಲ್ಲಿಸುವ ದಾರಿಯಂತೂ ಇದರಲ್ಲಿ ಇಲ್ಲ. ಸೋರಿಯಾಸಿಸ್‌ಗೆ ಜೀರ್ಣಕಿಣ್ವ ಕೊಡಿ ಎಂದು ಚರ್ಮರೋಗ ತಜ್ಞರ ಯಾವ ಮುಖ್ಯ ಮಾರ್ಗಸೂಚಿಯೂ ಹೇಳುವುದಿಲ್ಲ.

ಕಿಣ್ವ ನಿಜವಾಗಿ ಬೇಕಾದವರು ಬೇರೆ ಇದ್ದಾರೆ. ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಿಂದ ಮೇದೋಜೀರಕ ಗ್ರಂಥಿ ಸೊರಗಿದವರಿಗೆ ಮಲ ಎಣ್ಣೆಯಂತೆ ಜಿಡ್ಡಾಗಿ ತೇಲುತ್ತದೆ, ಉಂಡರೂ ಮೈ ಇಳಿಯುತ್ತದೆ. ಅವರಿಗೆ ಕೊಡುವ ಕ್ಯಾಪ್ಸೂಲಿನ ಮೇಲೆ ಲೈಪೇಸ್ ಇಷ್ಟು ಸಾವಿರ ಯೂನಿಟ್ ಎಂದು ಲೆಕ್ಕ ಬರೆದಿರುತ್ತದೆ, ಅದನ್ನು ಊಟದ ಜೊತೆಗೇ ನುಂಗಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಲ್ಯಾಕ್ಟೇಸ್ ಕಿಣ್ವ ಉಪಯೋಗಕ್ಕೆ ಬರುತ್ತದೆ. ಸೋರಿಯಾಸಿಸ್ ಇರುವವರಿಗೂ ಇಂಥ ತೊಂದರೆ ಇದ್ದರೆ ಹೊಟ್ಟೆಯ ಸಲುವಾಗಿ ತೆಗೆದುಕೊಳ್ಳಲಿ, ಊಟ ಹಗುರಾದೀತು. ಮೊಣಕೈ ಅದರಿಂದ ತಿಳಿಯಾಗುವುದಿಲ್ಲ. ಇನ್ನೊಂದು ಎಚ್ಚರ: ಕೆಲವು ಜೀರ್ಣದ ಗುಳಿಗೆಗಳಲ್ಲಿ ಸಕ್ರಿಯ ಇದ್ದಿಲು ಸೇರಿರುತ್ತದೆ. ಅದು ಗ್ಯಾಸನ್ನಷ್ಟೇ ಅಲ್ಲ, ಜೊತೆಗೆ ನುಂಗಿದ ಬೇರೆ ಔಷಧಿಯನ್ನೂ ಹೀರಿ ಹಿಡಿದುಕೊಳ್ಳಬಲ್ಲದು.

ಹಾಗಾದರೆ ಕರುಳಿನ ನಂಟು ಎಲ್ಲಿದೆ? ಸೋರಿಯಾಸಿಸ್ ಇರುವವರಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ರೋಗ ಉಳಿದವರಿಗಿಂತ ಹೆಚ್ಚು. ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲ ಬೇರೆಯಾಗಿರುವುದನ್ನೂ ಸಂಶೋಧಕರು ಕಂಡಿದ್ದಾರೆ. ಸೋರಿಯಾಸಿಸ್, ಕ್ರೋನ್ಸ್ ಎರಡಕ್ಕೂ ಬೇರು ಒಂದೇ ಬಗೆಯ ನಿರೋಧಕ ವ್ಯವಸ್ಥೆಯ ಏರುಪೇರು, ಕೂಳು ಕರಗದ್ದಲ್ಲ. ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ಚರ್ಮದ ವೈದ್ಯರಿಗೆ ತಪ್ಪದೆ ಹೇಳಬೇಕು, ಏಕೆಂದರೆ ಸೋರಿಯಾಸಿಸ್‌ಗೆ ಕೊಡುವ ಕೆಲವು ಹೊಸ ಇಂಜೆಕ್ಷನ್‌ಗಳು ಕ್ರೋನ್ಸ್ ಇದ್ದವರಿಗೆ ಆಗಿಬರುವುದಿಲ್ಲ.

ಗೋಧಿಯ ಗ್ಲುಟೆನ್ ತಾಳದ ಸೀಲಿಯಾಕ್ ರೋಗವೂ ಈ ನಂಟಿನ ಪಟ್ಟಿಯಲ್ಲಿದೆ. ಅದನ್ನೇ ಹಿಡಿದುಕೊಂಡು ಎಲ್ಲರಿಗೂ ಗೋಧಿ ಬಿಡಿಸುವವರಿದ್ದಾರೆ. ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಷನ್ನಿನ ವೈದ್ಯಕೀಯ ಮಂಡಳಿ 2018ರಲ್ಲಿ ಆಹಾರದ ಬಗೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಪರೀಕ್ಷೆಯಲ್ಲಿ ಗ್ಲುಟೆನ್ ತೊಂದರೆ ಕಂಡವರಿಗೆ ಮಾತ್ರ ಗ್ಲುಟೆನ್‌ರಹಿತ ಊಟದ ಸಲಹೆ ಕೊಟ್ಟಿತು. 2016ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯಲ್ಲಿ ಸೀಲಿಯಾಕ್ ಪ್ರಮಾಣ ಉತ್ತರದಲ್ಲಿ ಶೇ 1.23 ಇದ್ದರೆ ದಕ್ಷಿಣದಲ್ಲಿ ಕೇವಲ ಶೇ 0.10. ಬೆಳಗಾವಿ ಸೀಮೆಯ ಊಟದ ಬೆನ್ನೆಲುಬು ಜೋಳದ ರೊಟ್ಟಿ; ಜೋಳದಲ್ಲಿ ಗ್ಲುಟೆನ್ ಇಲ್ಲ. ಹಬ್ಬಕ್ಕೆ ಗೋಧಿ ಹುಗ್ಗಿ ಉಂಡಿದ್ದಕ್ಕೆ ರೋಗ ಬಂತೆಂದು ಯಾರನ್ನೂ ದೂರಬೇಕಿಲ್ಲ.

ನಂಜಿನ ಪಥ್ಯದ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ. ಬದನೆ ಬಿಟ್ಟರೆ ನಷ್ಟವಿಲ್ಲ. ಶೇಂಗಾ, ಮೊಸರು, ಮೊಟ್ಟೆ, ಕಾಳು ಒಟ್ಟಿಗೆ ಬಿಟ್ಟರೆ ಬಡವರ ತಟ್ಟೆಯಲ್ಲಿ ಪ್ರೊಟೀನ್ ಎಲ್ಲಿ ಉಳಿಯಿತು? ಮೈತುಂಬ ಹೊಟ್ಟು ಉದುರುವವರ ದೇಹದಿಂದ ಪ್ರತಿದಿನ ಪ್ರೊಟೀನ್ ಹೊರಹೋಗುತ್ತಿರುತ್ತದೆ. ಅವರಿಗೇ ಶೇಂಗಾ ಹಿಂಡಿ ಬೇಡವೆನ್ನುವುದು ಕೈಯಾರೆ ಸೊರಗಿಸಿದಂತೆ. ಯಾವುದೋ ಒಂದು ತಿನಿಸು ತಿಂದಾಗಲೆಲ್ಲ ತುರಿಕೆ ಹೆಚ್ಚುತ್ತದೆ ಎಂದು ಅನುಭವದಿಂದ ಕಂಡಿದ್ದರೆ ಅದೊಂದನ್ನು ಬಿಡಿ. ನೆರೆಮನೆಯವರು ಕೊಟ್ಟ ಪಟ್ಟಿಯನ್ನು ಹಿಡಿದು ಊಟವನ್ನೇ ಬಿಡಬೇಡಿ.

ಪೂರಕಗಳ ಸಾಲಿನಲ್ಲಿ ನಮ್ಮ ಸೀಮೆಗೆ ಹತ್ತಿರದ್ದು ಅರಿಷಿಣ. ಅದರೊಳಗಿನ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣ ಪ್ರಯೋಗಾಲಯದಲ್ಲಿ ಕಂಡಿದೆ. ಇಟಲಿಯಲ್ಲಿ 2015ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಸ್ಟಿರಾಯ್ಡ್ ಮುಲಾಮಿನ ಜೊತೆ ಕರ್ಕ್ಯುಮಿನ್ ನುಂಗಿದವರು ಬರೀ ಮುಲಾಮು ಹಚ್ಚಿದವರಿಗಿಂತ ಹೆಚ್ಚು ಸುಧಾರಿಸಿದರು. ಮುಲಾಮನ್ನು ಬಿಟ್ಟು ಅಲ್ಲ, ಅದರ ಜೊತೆಗೆ ಎಂಬುದನ್ನು ನೆನಪಿಡಬೇಕು. ಆದರೆ ಅರಿಷಿಣದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3ರಷ್ಟು, ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಅಲ್ಪ. ಈ ತೊಡಕಿಗೆ ದಾರಿ ಹುಡುಕಿದ್ದು ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ಮನುಷ್ಯರಲ್ಲಿ ಅದರ ಲಭ್ಯತೆ ಶೇ 2000ದಷ್ಟು ಏರುತ್ತದೆಂದು ತೋರಿಸಿದರು. ಇಂದು ಜಗತ್ತಿನಾದ್ಯಂತ ಮಾರಾಟವಾಗುವ ಅರಿಷಿಣ–ಮೆಣಸಿನ ಗುಳಿಗೆಗಳಿಗೆ ಆಧಾರವಾಗಿರುವುದು ಆ ಅಧ್ಯಯನ.

ಅದರ ಇನ್ನೊಂದು ಮುಖವನ್ನು ಡಬ್ಬಿಯ ಮೇಲೆ ಬರೆಯುವುದಿಲ್ಲ. ಔಷಧಿಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲ 2022ರಲ್ಲಿ, ಅರಿಷಿಣದ ಪೂರಕಗಳಿಂದ ಯಕೃತ್ತು ಕೆಟ್ಟ 10 ಮಂದಿಯ ವಿವರ ಪ್ರಕಟಿಸಿತು. ಅವರಲ್ಲಿ 7 ಮಂದಿಗೆ ಎಚ್‌ಎಲ್‌ಎ–ಬಿ 35:01 ಎಂಬ ವಂಶವಾಹಿ ಇತ್ತು. ಒಬ್ಬರು ತೀರಿಕೊಂಡರು. ಸಾರಿಗೆ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಷಿಣದ ಮಾತಲ್ಲ ಇದು. ಸಾಂದ್ರಗೊಳಿಸಿದ ಗುಳಿಗೆಯ ಮಾತು. ಪೈಪರಿನ್ ಅರಿಷಿಣವನ್ನಷ್ಟೇ ಅಲ್ಲ, ಜೊತೆಗೆ ನುಂಗುವ ಬೇರೆ ಕೆಲವು ಔಷಧಿಗಳನ್ನೂ ರಕ್ತಕ್ಕೆ ಹೆಚ್ಚು ಸೇರಿಸುತ್ತದೆ. ಸೋರಿಯಾಸಿಸ್ ರೋಗಿಗೆ ಇದು ಏಕೆ ಮುಖ್ಯ ಎಂಬುದು ಮುಂದೆ ಮೆಥೊಟ್ರೆಕ್ಸೇಟ್ ಎಂಬ ಔಷಧಿಯ ಮಾತು ಬಂದಾಗ ತಿಳಿಯುತ್ತದೆ.

ಮೀನೆಣ್ಣೆಯ ಒಮೆಗಾ–3 ಬಗೆಗಿನ ಪ್ರಯೋಗಗಳು ಒಂದಕ್ಕೊಂದು ಹೊಂದುವುದಿಲ್ಲ; ಕೆಲವರಿಗೆ ತುರಿಕೆ ಕಡಿಮೆಯಾಗಿದೆ, ಹಲವು ಪ್ರಯೋಗಗಳಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. ನಮ್ಮ ಅಗಸಿ ಹಿಂಡಿಯಲ್ಲಿ ಒಮೆಗಾ–3 ಧಾರಾಳವಾಗಿದ್ದರೂ ಅದು ಮೀನಿನ ಬಗೆಯದ್ದಲ್ಲ, ದೇಹದಲ್ಲಿ ಅದು ಮೀನಿನ ಬಗೆಗೆ ಮಾರ್ಪಡುವುದು ಸ್ವಲ್ಪವೇ. ಹಾಗಂತ ಅಗಸಿ ಹಿಂಡಿ ಬಿಡುವಂಥದ್ದಲ್ಲ. ನಾರು, ಪ್ರೊಟೀನ್, ಒಳ್ಳೆಯ ಕೊಬ್ಬು ಮೂರೂ ಅದರಲ್ಲಿವೆ. ರೊಟ್ಟಿಯ ಜೊತೆ ಔಷಧಿಯೆಂದಲ್ಲ, ಊಟವೆಂದು ಉಣ್ಣಿ. ಪ್ರೊಬಯಾಟಿಕ್ ಪುಡಿಗಳದೂ ಹೆಚ್ಚುಕಡಿಮೆ ಮೀನೆಣ್ಣೆಯದೇ ಕತೆ.

ವಿಟಮಿನ್ ಡಿ ಕತೆ ಇನ್ನೂ ಸ್ವಾರಸ್ಯದ್ದು. 1985ರಲ್ಲಿ ಜಪಾನಿನ ವೈದ್ಯರು ಮೂಳೆ ಸವೆತಕ್ಕೆಂದು ವಿಟಮಿನ್ ಡಿಯ ಒಂದು ರೂಪ ಕೊಟ್ಟ ರೋಗಿಯಲ್ಲಿ ಸೋರಿಯಾಸಿಸ್ ಅಚ್ಚರಿಯಾಗುವಷ್ಟು ಇಳಿದದ್ದನ್ನು ವರದಿ ಮಾಡಿದರು. ಮುಂದೆ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಬಂತು. ಇಂದಿಗೂ ಚರ್ಮರೋಗ ತಜ್ಞರು ಬರೆಯುವ ಮುಖ್ಯ ಮುಲಾಮುಗಳಲ್ಲಿ ಅದೊಂದು. ಹಚ್ಚಿದರೆ ಕೆಲಸ ಮಾಡುವುದು ನುಂಗಿದರೂ ಮಾಡೀತೇ? ನಾರ್ವೆಯಲ್ಲಿ ವಿಟಮಿನ್ ಡಿ ಕಡಿಮೆಯಿದ್ದ 122 ಸೋರಿಯಾಸಿಸ್ ರೋಗಿಗಳನ್ನು ಚಳಿಗಾಲದ ನಾಲ್ಕು ತಿಂಗಳು ಪರೀಕ್ಷಿಸಿದರು. ಗುಳಿಗೆ ನುಂಗಿದವರ ಚರ್ಮಕ್ಕೂ ಬರೀ ಹುಸಿಗುಳಿಗೆ ನುಂಗಿದವರ ಚರ್ಮಕ್ಕೂ ವ್ಯತ್ಯಾಸ ಕಾಣಲಿಲ್ಲ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಮೂಳೆಯ ಸಲುವಾಗಿ ತೆಗೆದುಕೊಳ್ಳಲೇಬೇಕು. ನಮ್ಮಲ್ಲಿ ಸಿಗುವ 60,000 ಯೂನಿಟ್ಟಿನ ಪುಡಿ ಸಾಮಾನ್ಯವಾಗಿ ವಾರಕ್ಕೊಂದು. ಬೇಗ ಗುಣವಾಗಲೆಂದು ದಿನಾ ಒಂದು ಕುಡಿದರೆ ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ.

ಈ ಡಬ್ಬಿಗಳಲ್ಲಿ ಹೆಚ್ಚಿನವು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಡಿ ಪೂರಕ ಎಂದು ಮಾರಾಟವಾಗುತ್ತವೆ. 'ಔಷಧೀಯ ಬಳಕೆಗಲ್ಲ' ಎಂದು ಲೇಬಲ್ಲಿನ ಮೇಲೆ ಮುದ್ರಿಸಲೇಬೇಕು ಎಂಬ ನಿಯಮವಿದೆ. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿರುವ ಆ ಸಾಲನ್ನು ಮನೆಯ ಕಾಲೇಜು ಮಕ್ಕಳಿಂದ ಓದಿಸಿ ಕೇಳಿ.

ಹೊಟ್ಟೆಯ ವಿಷಯದಲ್ಲಿ ಗಟ್ಟಿ ಸಾಕ್ಷ್ಯ ಇರುವುದು ಸೊಂಟದ ಸುತ್ತಳತೆಗೆ. ಮೇಲೆ ಹೇಳಿದ 2018ರ ಮಂಡಳಿ ಇಡೀ ಆಹಾರದ ಸಲಹೆಗಳಲ್ಲಿ ಒತ್ತಿ ಹೇಳಿದ್ದು ಒಂದನ್ನೇ: ಹೆಚ್ಚು ತೂಕವಿರುವ ಸೋರಿಯಾಸಿಸ್ ರೋಗಿಗಳು ಊಟದ ಕ್ಯಾಲರಿ ತಗ್ಗಿಸಿ ತೂಕ ಇಳಿಸಬೇಕು. ಹೊಟ್ಟೆಯ ಬೊಜ್ಜು ಸುಮ್ಮನೆ ಕೂರುವ ವಸ್ತುವಲ್ಲ. ಉರಿಯೂತದ ರಾಸಾಯನಿಕಗಳನ್ನು ಅದು ತಾನೇ ರಕ್ತಕ್ಕೆ ಬಿಡುತ್ತಿರುತ್ತದೆ. ಡೆನ್ಮಾರ್ಕಿನಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 16 ವಾರ ಕಟ್ಟುನಿಟ್ಟಾಗಿ ಕಡಿಮೆ ಉಂಡವರು ಸರಾಸರಿ 15 ಕಿಲೊ ಇಳಿದರು, ಅವರ ಚರ್ಮವೂ ಸುಧಾರಣೆಯ ಕಡೆಗೆ ತಿರುಗಿತು, ಬದುಕಿನ ನೆಮ್ಮದಿಯ ಅಂಕವಂತೂ ಸ್ಪಷ್ಟವಾಗಿ ಏರಿತು. ತೂಕ ಇಳಿದರೆ ಕೆಲವು ಔಷಧಿಗಳೂ ಹೆಚ್ಚು ಚೆನ್ನಾಗಿ ಹತ್ತುತ್ತವೆ. ಗೋಕಾಕ ಕರದಂಟಿನ ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ ಚರ್ಮಕ್ಕೆ ನಂಜಲ್ಲ. ಆದರೆ ಒಂದು ತುಂಡಿಗೆ ನಿಲ್ಲಿಸಬೇಕು. ಸೆರೆ ಮತ್ತು ಬೀಡಿ–ಸಿಗರೇಟು ಎರಡೂ ಈ ರೋಗವನ್ನು ಕೆರಳಿಸುತ್ತವೆ. ಸೆರೆ ಬಿಟ್ಟರೆ ಚರ್ಮಕ್ಕೆ ಆಗುವಷ್ಟು ಉಪಕಾರ ಯಾವ ಕಿಣ್ವದಿಂದಲೂ ಆಗದು, ಅದಕ್ಕೆ ಖರ್ಚೂ ಇಲ್ಲ. ಮನೆಯವರು ಬೈದು ಬಿಡಿಸಲಾಗದ್ದನ್ನು ವೈದ್ಯರ ಸಹಾಯದಿಂದ ಬಿಡಿಸಬಹುದು.

ಆಯುರ್ವೇದ ಈ ಬಗೆಯ ಚರ್ಮರೋಗಗಳಲ್ಲಿ ಮಂದಾಗ್ನಿಯನ್ನೂ ವಿರುದ್ಧ ಆಹಾರವನ್ನೂ ಕಾರಣವಾಗಿ ಎಣಿಸುತ್ತದೆ, ವಮನ–ವಿರೇಚನದಂಥ ಶೋಧನ ಹೇಳುತ್ತದೆ. ಆ ದಾರಿಯಲ್ಲಿ ನಂಬಿಕೆಯುಳ್ಳವರಿಗೆ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಂಥ ಆಸ್ಪತ್ರೆ ಇದೆ. ಓದಿದ ವೈದ್ಯರು ನಾಡಿ, ವಯಸ್ಸು, ರಕ್ತದೊತ್ತಡ ನೋಡಿ ಮಾಡುವ ಕೆಲಸ ಅದು. ಸಂತೆ, ಜಾತ್ರೆಯಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿಗೂ ಅದಕ್ಕೂ ಅಜಗಜಾಂತರ. ಹೆಸರಿಲ್ಲದ ಪುಡಿಯೊಂದು ವಾರದೊಳಗೆ ಮೈಯೆಲ್ಲ ತಿಳಿ ಮಾಡಿತೆಂದರೆ ಅದರೊಳಗೆ ಸ್ಟಿರಾಯ್ಡ್ ಬೆರೆತಿರುವ ಅನುಮಾನ ಬರಲೇಬೇಕು.

ಸ್ಟಿರಾಯ್ಡ್ ಗುಳಿಗೆ, ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಸೋರಿಯಾಸಿಸ್ ಮಾಯವಾದಂತೆ ಕಾಣುತ್ತದೆ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಭೀಕರವಾಗಿ ಮರಳಬಹುದು: ಮೈತುಂಬ ಕೀವಿನ ಗುಳ್ಳೆ, ಅಥವಾ ಅಡಿಯಿಂದ ಮುಡಿವರೆಗೆ ಕೆಂಪಾಗಿ ಸಿಪ್ಪೆ ಸುಲಿಯುವ ಎರಿತ್ರೊಡರ್ಮಾ. ಆಗ ದೇಹ ಶಾಖ ಹಿಡಿದಿಡಲಾರದು, ನೀರು–ಪ್ರೊಟೀನ್ ಸೋರುತ್ತದೆ, ಅಂಥವರನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ರಕ್ತದೊತ್ತಡದ ಬೀಟಾ ಬ್ಲಾಕರ್, ಮನೋರೋಗದ ಲಿಥಿಯಂ, ಮಲೇರಿಯಾದ ಕ್ಲೋರೊಕ್ವಿನ್ ಕೂಡ ರೋಗ ಕೆರಳಿಸಬಲ್ಲವು. ಹಾಗೆಂದು ತಾವೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಬೇಕು.

ಸಣ್ಣ ಪ್ರಮಾಣದ ರೋಗಕ್ಕೆ ಮುಲಾಮು, ತಾರಿನ ಶಾಂಪೂ, ದಿನಕ್ಕೆ ಎರಡು ಸಲ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸಾಕಾಗುತ್ತದೆ. ಹರಡಿದ್ದಕ್ಕೆ 311 ನ್ಯಾನೊಮೀಟರಿನ ನೇರಳಾತೀತ ಬೆಳಕಿನ ಚಿಕಿತ್ಸೆ ಇದೆ. ಅದಕ್ಕೂ ಬಗ್ಗದಿದ್ದರೆ ಮೆಥೊಟ್ರೆಕ್ಸೇಟ್. ಅಮೆರಿಕದಲ್ಲಿ 1972ರಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಪಡೆದ ಈ ಅಗ್ಗದ ಗುಳಿಗೆ ನಮ್ಮ ದೇಶದ ಬಡ ರೋಗಿಗಳ ಪಾಲಿಗೆ ಇವತ್ತಿಗೂ ದೊಡ್ಡ ಆಸರೆ. ಇದನ್ನು ನುಂಗುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಅಸ್ಥಿಮಜ್ಜೆ ಬತ್ತಿ, ಬಾಯಿತುಂಬ ಹುಣ್ಣಾಗಿ, ಪ್ರಾಣವೇ ಹೋದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಓದು ಬಾರದವರ ಮನೆಯಲ್ಲಿ "ಗುರುವಾರದ ಗುಳಿಗಿ" ಎಂದು ವಾರದ ಹೆಸರಿನಿಂದಲೇ ಕರೆಯಲು ಹೇಳಿಕೊಡಬೇಕು, ಪಟ್ಟಿಯ ಮೇಲೆ ಪೆನ್ನಿನಿಂದ ಆ ವಾರ ಬರೆಸಿಕೊಳ್ಳಬೇಕು. ಸೋರಿಯಾಸಿಸ್ ರೋಗಿಗೆ ನಿಜವಾಗಿ ಬೇಕಾದ ಪೂರಕ ಬರುವುದು ಇಲ್ಲೇ: ಫೋಲಿಕ್ ಆಮ್ಲ. ಮೆಥೊಟ್ರೆಕ್ಸೇಟ್ ದೇಹದ ಫೋಲೇಟನ್ನು ಕಟ್ಟಿಹಾಕುವುದರಿಂದ, ವೈದ್ಯರು ಬೇರೆ ದಿನಕ್ಕೆ ಬರೆದುಕೊಡುವ ಫೋಲಿಕ್ ಆಮ್ಲದ ಗುಳಿಗೆ ವಾಕರಿಕೆ, ಬಾಯಿಹುಣ್ಣು, ಯಕೃತ್ತಿನ ತೊಂದರೆ ಮೂರನ್ನೂ ತಗ್ಗಿಸುತ್ತದೆ. ಕೆಲವೇ ರೂಪಾಯಿಯ ಈ ಗುಳಿಗೆಯನ್ನು ಬಿಟ್ಟು ನೂರಾರು ರೂಪಾಯಿಯ ಕಿಣ್ವ ಕೊಳ್ಳುವುದು ನೋವಿನ ಸಂಗತಿ. ಈ ಔಷಧಿ ತೆಗೆದುಕೊಳ್ಳುವವರು ಸೆರೆ ಮುಟ್ಟಬಾರದು. ಗರ್ಭಿಣಿಯರಿಗೆ, ಗರ್ಭ ಧರಿಸಬೇಕೆಂದಿರುವವರಿಗೆ ಇದನ್ನು ಕೊಡುವುದೇ ಇಲ್ಲ. ಜ್ವರಕ್ಕೋ ಮೂತ್ರದ ಉರಿಗೋ ಕೊಡುವ ಕೋಟ್ರೈಮಾಕ್ಸಜೋಲ್ ಇದರ ಜೊತೆ ಸೇರಿದರೆ ಅಪಾಯ.

ಇನ್ನೂ ಮುಂದಿನ ಹಂತಕ್ಕೆ ಬಯಲಾಜಿಕ್ ಇಂಜೆಕ್ಷನ್‌ಗಳಿವೆ. ಟಿ–ಕೋಶಗಳ ಮೇಲಿನ ಸಿಡಿ–6 ಎಂಬ ಗುರುತನ್ನು ಹಿಡಿಯುವ ಇಟೊಲಿಜುಮ್ಯಾಬ್ ಅನ್ನು ಕ್ಯೂಬಾದ ವಿಜ್ಞಾನಿಗಳ ಜೊತೆಗೂಡಿ ಬೆಂಗಳೂರಿನ ಬಯೋಕಾನ್ ಬೆಳೆಸಿ 2013ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಇಂಟರ್‌ಲ್ಯೂಕಿನ್–17 ತಡೆಯುವ ಸೆಕುಕಿನುಮ್ಯಾಬ್ ಬಂದ ಮೇಲೆ ಚರ್ಮ ಪೂರ್ತಿ ತಿಳಿಯಾಗುವವರ ಸಂಖ್ಯೆಯೂ ಹೆಚ್ಚಿತು. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟಕುವಂಥದ್ದಲ್ಲ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಾದ ಬಿಮ್ಸ್‌ನಲ್ಲಿ, ಕೆಎಲ್‌ಇ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗಗಳಿವೆ. ದಡ್ಡಿಯವರಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ ಎಂಬುದು ನಿಜ. ಆದರೂ ಮೊದಲ ಸಲ ಅಲ್ಲಿ ರೋಗ ಖಚಿತವಾದರೆ ಮುಂದಿನ ರಕ್ತಪರೀಕ್ಷೆಗಳನ್ನು ಹುಕ್ಕೇರಿಯಲ್ಲೋ ಗೋಕಾಕದಲ್ಲೋ ಮಾಡಿಸಿ ವರದಿ ತೋರಿಸಬಹುದೇ ಎಂದು ಕೇಳಿಕೊಳ್ಳಬಹುದು.

ಬೆಳಿಗ್ಗೆ ಎದ್ದಾಗ ಬೆರಳು ಬಿಗಿದುಕೊಂಡು ಅರ್ಧ ಗಂಟೆಗೂ ಸಡಿಲವಾಗದಿದ್ದರೆ, ಒಂದು ಬೆರಳು ಪೂರ್ತಿ ಊದಿಕೊಂಡರೆ, ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತೆ ಕುಳಿಗಳಿದ್ದರೆ ಅದನ್ನು ಚರ್ಮದ ವೈದ್ಯರಿಗೇ ಹೇಳಿ. ಸೋರಿಯಾಸಿಸ್ ಇರುವವರಲ್ಲಿ ಶೇ 30ರವರೆಗೆ ಮಂದಿಗೆ ಅದೇ ರೋಗ ಕೀಲಿಗೂ ಇಳಿಯುತ್ತದೆ. ವಾತವೆಂದು ನೋವಿನೆಣ್ಣೆ ಹಚ್ಚುತ್ತ ಕಾಲ ಕಳೆದರೆ ಕೀಲು ಮತ್ತೆ ನೆಟ್ಟಗಾಗದಂತೆ ಸವೆದುಹೋಗಬಹುದು.

ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವುದನ್ನೆಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ: ಬಿ.ಪಿ., ಸಕ್ಕರೆ ಗುಳಿಗೆ, ಕಿಣ್ವದ ಬಾಟಲಿ, ಅರಿಷಿಣದ ಕ್ಯಾಪ್ಸೂಲು, ಸಂತೆಯ ಪುಡಿಯ ಪೊಟ್ಟಣ, ಮುಗಿದ ಮುಲಾಮಿನ ಟ್ಯೂಬು. ಬೈದಾರೆಂದು ಯಾವುದನ್ನೂ ಮುಚ್ಚಿಡಬೇಡಿ. ಮೆಥೊಟ್ರೆಕ್ಸೇಟ್ ಶುರು ಮಾಡುವ ಮೊದಲು ಯಕೃತ್ತು, ಮೂತ್ರಪಿಂಡ, ರಕ್ತಕಣಗಳ ಪರೀಕ್ಷೆ ಮಾಡಿಸುತ್ತಾರೆ. ಯಕೃತ್ತಿನ ಅಂಕಿ ಏರಿದ್ದರೆ ಅದಕ್ಕೆ ಸೆರೆ ಕಾರಣವೋ, ಬೊಜ್ಜು ಕಾರಣವೋ, ಆ ಕೈಚೀಲದೊಳಗಿನ ಡಬ್ಬಿ ಕಾರಣವೋ ಎಂದು ಅವರು ಗುರುತಿಸಬೇಕಾದರೆ ಆ ಡಬ್ಬಿ ಅವರ ಮೇಜಿನ ಮೇಲೆ ಇರಬೇಕು.